ಕೊಲೆಗಾರ ಯಾರೆಂದು ಅತ್ತೆಗೆ ಗೊತ್ತು

ನಿನ್ನೆ ರಾತ್ರಿ ಹನ್ನೊಂದೂವರೆಗೆ 412 ಪುಟದ ಕಾದಂಬರಿಯೊಂದನ್ನು ಮುಗಿಸಿದೆ. ಕೊಲೆಗಾರ ಡಾಕ್ಟರು. ಕೊನೆಯ ನಲವತ್ತು ಪುಟಗಳನ್ನು ಉಸಿರು ಬಿಗಿಹಿಡಿದು ಓದಬೇಕಿತ್ತು. ನಾನು ಆಕಳಿಸಿಕೊಂಡು ಓದಿದೆ. ಯಾಕೆಂದರೆ ಆರು ದಿನದ ಹಿಂದೆ, ನಾನಿನ್ನೂ 70ನೇ ಪುಟದಲ್ಲಿದ್ದಾಗಲೇ, ಸೋಫಾದಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದ ನಮ್ಮತ್ತೆ ತಲೆ ಕೂಡ ಎತ್ತದೆ, "ಆ ಡಾಕ್ಟರೇ ಕಣೇ" ಅಂದುಬಿಟ್ಟಿದ್ದರು.

ಅತ್ತೆ ಆ ಪುಸ್ತಕ ಓದಿರಲಿಲ್ಲ. ಮುಟ್ಟಿಯೂ ಇರಲಿಲ್ಲ. ನನಗೆ ಉರಿಯುತ್ತಿರುವುದೇ ಅದಕ್ಕೆ.

ಇದೆಲ್ಲ ಶುರುವಾಗಿದ್ದು ತಿಂಗಳ ಹಿಂದೆ. ಮಲಗುವ ಮುಂಚೆ ಫೋನ್ ಉಜ್ಜುತ್ತಾ ಕೂರುವ ಚಟ ಬಿಡಬೇಕು, ಒಂದು ತಿಂಗಳು ಪುಸ್ತಕ ಮಾತ್ರ ಅಂತ ಶಪಥ ಮಾಡಿದೆ. ಗಂಭೀರ ಸಾಹಿತ್ಯ ಹಿಡಿದರೆ ಮೂರನೇ ಪುಟಕ್ಕೇ ಪುಸ್ತಕ ಮೂಗಿನ ಮೇಲೆ ಬೀಳುತ್ತದೆ ಎಂಬ ಆತ್ಮಜ್ಞಾನ ನನಗಿದೆ. ಹಾಗಾಗಿ ಮೊದಲ ಹದಿನೈದು ದಿನ ದೆವ್ವ, ಆಮೇಲಿನ ಹದಿನೈದು ದಿನ ಕೊಲೆ. "ನಿದ್ದೆ ಸರಿಯಾಗ್ಲಿ ಅಂತ ತಾನೇ ಇದೆಲ್ಲ? ಮತ್ತೆ ನಿದ್ದೆಗೆಡಿಸೋ ಪುಸ್ತಕ ಯಾಕೆ?" ಅಂತ ಇವರು ಕೇಳಿದರು. ಇವರು ಲೆಕ್ಕದ ಮನುಷ್ಯ, ಇಂಥವನ್ನೇ ಕೇಳುವುದು.

ದೆವ್ವದ ಹದಿನೈದು ದಿನದಲ್ಲಿ ನಾನು ಕಲಿತದ್ದು ಸಾಹಿತ್ಯವನ್ನಲ್ಲ, ನಮ್ಮ ಮನೆ ಎಷ್ಟು ಮಾತಾಡುತ್ತದೆ ಎಂಬುದನ್ನು. ಹಗಲಿನ ಬಿಸಿಗೆ ಹಿಗ್ಗಿದ ಮರ ರಾತ್ರಿ ತಣ್ಣಗಾಗುತ್ತಾ ಕುಗ್ಗುತ್ತದೆ, ಆಗ ಬೀರು, ಬಾಗಿಲು, ಮಂಚ ಎಲ್ಲ 'ಟಕ್' ಅನ್ನುತ್ತವೆ. ಇದು ನನಗೆ ಹಗಲು ಹೊತ್ತು ಚೆನ್ನಾಗಿ ಗೊತ್ತಿರುತ್ತದೆ. ಫ್ರಿಜ್ಜಿನ ಕಂಪ್ರೆಸರ್ ನಿಲ್ಲುವಾಗ ಮೈ ಕೊಡವುತ್ತದೆ ಎಂಬುದೂ ಗೊತ್ತು. ರಾತ್ರಿ ಒಂದು ಗಂಟೆಗೆ, ಕಾದಂಬರಿಯ ನಾಯಕಿ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿರುವಾಗ ಮಾತ್ರ ಈ ವಿಜ್ಞಾನವೆಲ್ಲ ಎಲ್ಲಿಗೋ ಹೋಗಿ ಮಲಗಿರುತ್ತದೆ. 1816ರ ಬೇಸಿಗೆಯಲ್ಲಿ ಮಳೆ ಹಿಡಿದುಕೊಂಡು ಹೊರಗೆ ಹೋಗಲಾಗದೆ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ದೆವ್ವದ ಕಥೆ ಕಟ್ಟಲು ಕೂತಿದ್ದಾಗ ಮೇರಿ ಶೆಲ್ಲಿಗೆ ಹದಿನೆಂಟು ವರ್ಷ. ಅವಳ ಆ ಕಥೆಯನ್ನು, 'ಫ್ರಾಂಕೆನ್‌ಸ್ಟೈನ್' ಅನ್ನು, ಲೋಕ ಇವತ್ತಿಗೂ ಓದುತ್ತಿದೆ. ಅವಳ ಎರಡರಷ್ಟು ವಯಸ್ಸಾದ ನಾನು ಫ್ರಿಜ್ಜಿಗೆ ಹೆದರಿ ಬಾಯಾರಿಕೆಯಲ್ಲೇ ಮಲಗುತ್ತಿದ್ದೆ.

ಹನ್ನೆರಡನೇ ರಾತ್ರಿ ಮಾತ್ರ ಫ್ರಿಜ್ಜಲ್ಲ, ನಿಜವಾದ ಸದ್ದು. ಹಾಲ್‌ನಲ್ಲಿ ಸರ್... ಸರ್... ಅಂತ. ಗಂಟೆ ಒಂದೂವರೆ. ಇವರನ್ನು ಅಲುಗಾಡಿಸಿದೆ. "ಹಾಂ, ನಾಳೆ ಕಳಿಸ್ತೀನಿ ಸಾರ್" ಅಂದು ಮಗ್ಗುಲು ಬದಲಿಸಿದರು. ಆಯುಧವಾಗಿ ಕೈಗೆ ಸಿಕ್ಕಿದ್ದು ಬಾಗಿಲ ಹಿಂದಿನ ಕೊಡೆ. ಅದನ್ನೇ ಈಟಿಯಂತೆ ಹಿಡಿದು ಪ್ಯಾಸೇಜಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೋದೆ. ಹಾಲ್‌ನ ಕತ್ತಲಲ್ಲಿ ಒಂದು ಮುಖ ತೇಲುತ್ತಿತ್ತು. ಗದ್ದದ ಕೆಳಗಿಂದ ಬೆಳಕು, ಕಣ್ಣಿನ ಜಾಗದಲ್ಲಿ ಎರಡು ಗುಳಿ, ಸುತ್ತ ಬಿಚ್ಚಿದ ಬಿಳಿ ಕೂದಲು. ಗಂಟಲಿನಿಂದ ಏನೂ ಹೊರಡಲಿಲ್ಲ. ಕೈ ಬಿಗಿಯಾಯಿತು, ಬೆರಳು ಗುಂಡಿಯ ಮೇಲಿತ್ತು, ಕೊಡೆ ಫಟ್ಟನೆ ಬಿಚ್ಚಿಕೊಂಡಿತು. ಪ್ಯಾಸೇಜ್ ಎಷ್ಟು ಕಿರಿದೆಂದರೆ ಕೊಡೆಯ ಕಡ್ಡಿಗಳು ಎರಡೂ ಕಡೆ ಗೋಡೆಗೆ ಸಿಕ್ಕಿಕೊಂಡವು. ಈಗ ನಾನು ಹಿಂದೆ, ದೆವ್ವ ಮುಂದೆ, ನಡುವೆ ಕರಿ ಬಟ್ಟೆಯ ಗೋಡೆ. ಜಗ್ಗಿದರೂ ಬರದು, ನೂಕಿದರೂ ಹೋಗದು.

ಕೊಡೆಯ ಆಚೆಯಿಂದ ದನಿ ಬಂತು: "ಮಳೆ ಬರ್ತಿದೆಯೇನೇ?"

ಅತ್ತೆ. ತೊಡೆಯ ಮೇಲೆ ಫೋನಿನ ಟಾರ್ಚು, ಕೈಯಲ್ಲಿ ನಾನು ಅರ್ಧಕ್ಕೆ ಬಿಟ್ಟಿದ್ದ ದೆವ್ವದ ಕಾದಂಬರಿ. ಸರ್ ಸರ್ ಅಂದಿದ್ದು ಪುಟ ತಿರುವುವ ಸದ್ದು. ಕೊಡೆ ಬಿಡಿಸಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವರು ತೀರ್ಪನ್ನೂ ಕೊಟ್ಟಾಗಿತ್ತು. "ಇದು ದೆವ್ವ ಅಲ್ಲ ಕಣೇ. ಆ ಗಂಡಂದೇ ನಾಟಕ. ದೆವ್ವಕ್ಕೆ ಬೀಗದ ಕೈ ಯಾಕೆ ಬೇಕು?" ನನಗೆ ಇನ್ನೂ 150 ಪುಟ ಬಾಕಿ ಇತ್ತು. ಕೊನೆಗೆ ಹಾಗೆಯೇ ಆಯಿತು ಅಂತ ಬೇರೆ ಹೇಳಬೇಕಿಲ್ಲವಲ್ಲ.

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?" ಅಂದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಚಿಕ್ಕವರಿದ್ದಾಗ ಅವರಪ್ಪ ಇಂಥ ಕಥೆ ಓದಲು ಬಿಡುತ್ತಿರಲಿಲ್ಲವಂತೆ. ಪಕ್ಕದ ಮನೆಗೆ ವಾರಪತ್ರಿಕೆ ಬರುತ್ತಿತ್ತು, ಅದರಲ್ಲಿ ಧಾರಾವಾಹಿ. ಅವರು ಕೊಟ್ಟ ವಾರ ಓದು. ಕೊಡದಿದ್ದ ವಾರದ ಕಥೆಯನ್ನು ಪಾತ್ರೆ ತೊಳೆಯುತ್ತಾ ತಾವೇ ಕಟ್ಟಿಕೊಳ್ಳುವುದು, ಮುಂದಿನ ಸಲ ಸಿಕ್ಕಾಗ ಸರಿಯಿತ್ತೋ ತಪ್ಪೋ ನೋಡಿಕೊಳ್ಳುವುದು. "ಮದುವೆ ಆಗಿ ಬಂದಾಗ ಒಂದು ಕಥೆ ಅರ್ಧಕ್ಕೇ ನಿಂತಿತ್ತು ನೋಡು."

"ಕೊನೆಗೆ ಯಾರಂತೆ ಕೊಂದಿದ್ದು?"

"ಯಾರಿಗ್ಗೊತ್ತು. ತಮ್ಮನೇ ಇರಬೇಕು ಅಂದ್ಕೊಂಡಿದೀನಿ." ಐವತ್ತು ವರ್ಷದಿಂದ ಅಂದುಕೊಂಡೇ ಇದ್ದಾರೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದೆವು. ಆಮೇಲೆ ಅವರು ಪುಸ್ತಕ ನನ್ನ ಕಡೆ ನೂಕಿ, "ಅಕ್ಷರ ಇರುವೆ ಸಾಲಿದ್ದಂಗಿದೆ, ಕಣ್ಣು ಉರಿಯುತ್ತೆ. ನಾಳೆಯಿಂದ ನೀನೇ ಓದಿ ಹೇಳು" ಅಂದರು. ನನ್ನ ಕರುಳು ಚುರ್ ಎಂದಿತು. ಆಗಲಿ ಅತ್ತೆ ಅಂದೆ. ಕರುಳಿನ ಮಾತು ಕೇಳಬಾರದಿತ್ತು.

ಕೊಲೆಯ ಪುಸ್ತಕಗಳು ಶುರುವಾದವು. ದಿನಾ ಸಂಜೆ ಓದಿದಷ್ಟನ್ನು ಒಪ್ಪಿಸುವುದು, ಅವರು ಬಟ್ಟೆ ಮಡಚುತ್ತಾ ಕೇಳುವುದು. ಮೊದಲ ಪುಸ್ತಕದ ಅಪರಾಧಿಯನ್ನು ಎರಡನೇ ದಿನ ಹಿಡಿದರು. ಎರಡನೆಯದನ್ನು ಮೊದಲ ದಿನವೇ. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ಅವನೂ ಪತ್ತೇದಾರಿ ಕಾದಂಬರಿಕಾರನೇ, 1929ರಲ್ಲಿ ಇಂಥ ಕಥೆಗಳಿಗೆ ಹತ್ತು ನಿಯಮ ಬರೆದಿಟ್ಟ. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು, ಒಂದಕ್ಕಿಂತ ಹೆಚ್ಚು ಗುಪ್ತ ಕೋಣೆ ಇರಬಾರದು, ಮುನ್ಸೂಚನೆಯಿಲ್ಲದೆ ಅವಳಿ ಜವಳಿಗಳನ್ನು ತಂದು ನಿಲ್ಲಿಸಬಾರದು, ಹೀಗೆ. ನಮ್ಮತ್ತೆಯ ನಿಯಮಗಳು ಅಷ್ಟು ಇಲ್ಲ. ಸಾವಿನ ಮನೆಯಲ್ಲಿ ಹೆಂಡತಿಗಿಂತ ಜೋರಾಗಿ ಅಳುವವರು. ಎಲ್ಲರಿಗೂ ನೀರು ಬೇಕಾ ಅಂತ ಕೇಳಿಕೊಂಡು ಓಡಾಡುವವರು. ಪೊಲೀಸರು ಕೇಳದಿದ್ದರೂ ಉತ್ತರ ಕೊಡುವವರು. ನಿನ್ನೆ ಮುಗಿದ ಪುಸ್ತಕದಲ್ಲಿ ಡಾಕ್ಟರು ಯಾಕೆ ಅಂತ ಕೇಳಿದ್ದಕ್ಕೆ, "ಕರೆದ ತಕ್ಷಣ ಬಂದ ಅಂದ್ಯಲ್ಲ. ಯಾವ ಡಾಕ್ಟರು ಕರೆದ ತಕ್ಷಣ ಬರ್ತಾರೆ?" ಅಂದರು. ಲೇಖಕ 412 ಪುಟ ಬೆವರು ಸುರಿಸಿದ್ದು ಈ ಒಂದು ಮಾತಿಗೆ ನೀರಲ್ಲಿ ಹೋಯಿತು.

ನಾಕ್ಸನ ನಿಯಮಗಳಲ್ಲಿ ಇನ್ನೊಂದಿದೆ: ಪತ್ತೇದಾರನ ದಡ್ಡ ಗೆಳೆಯನ ಬುದ್ಧಿ ಸಾಮಾನ್ಯ ಓದುಗನಿಗಿಂತ ಸ್ವಲ್ಪವೇ ಸ್ವಲ್ಪ ಕಡಿಮೆ ಇರಬೇಕಂತೆ. ಅದನ್ನು ಓದಿದಾಗ ಈ ಮನೆಯಲ್ಲಿ ನನ್ನ ಪಾತ್ರ ಯಾವುದೆಂದು ಹೊಳೆಯಿತು. ಇವರಿಗೆ ಹೇಳಿದೆ. "ಸ್ವಲ್ಪವೇ ಅಂತ ಯಾಕೆ ಅಂದ್ಕೊಂಡೆ?" ಅಂದರು.

ರೋಷ ಬಂತು. ಅತ್ತೆಯನ್ನು ಒಂದು ಸಲವಾದರೂ ಸೋಲಿಸಲೇಬೇಕೆಂದು ಎಲ್ಲ ಪತ್ತೇದಾರಿ ಕಥೆಗಳ ಮೂಲಪುರುಷನನ್ನೇ ಹೊತ್ತು ತಂದೆ. ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ, ಪ್ಯಾರಿಸ್ಸಿನ ಜೋಡಿ ಕೊಲೆಯ ಕಥೆ. (ಇದರ ಗುಟ್ಟು ಬಿಚ್ಚಿಡುತ್ತಿದ್ದೇನೆ. 180 ವರ್ಷ ಓದದೆ ಬಿಟ್ಟವರು ನನ್ನನ್ನು ಬಯ್ಯುವ ಹಾಗಿಲ್ಲ.) ಇಲ್ಲಿ ಜೋರಾಗಿ ಅಳುವವರಿಲ್ಲ, ನೀರು ಕೊಡುವವರಿಲ್ಲ, ಕರೆದ ತಕ್ಷಣ ಬರುವ ಡಾಕ್ಟರಿಲ್ಲ. ಅತ್ತೆಯ ಶಾಸ್ತ್ರ ಬರಖಾಸ್ತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಒಳಗಿನಿಂದ ಬೀಗ ಹಾಕಿದ ಕೋಣೆ. ಮಗಳ ಹೆಣವನ್ನು ತಲೆಕೆಳಗಾಗಿ ಹೊಗೆಗೂಡಿನೊಳಕ್ಕೆ ತುರುಕಿದ್ದಾರೆ, ತಾಯಿಯ ಹೆಣ ಕೆಳಗೆ ಅಂಗಳದಲ್ಲಿ. ಒಳಗೆ ಕೇಳಿದ ಕೀರಲು ದನಿ ಒಬ್ಬೊಬ್ಬ ಸಾಕ್ಷಿಗೂ ತನಗೆ ಗೊತ್ತಿಲ್ಲದ ಭಾಷೆಯ ಹಾಗೆ ಕೇಳಿಸಿದೆ.

ಅತ್ತೆ ದಿಂಬಿನ ಚೀಲದ ಮೂಲೆ ಮೂಲೆ ಸೇರಿಸುತ್ತಿದ್ದರು. "ಕಳ್ಳತನ ಆಗಿತ್ತಾ?"

"ಇಲ್ಲ. ಎರಡು ಚೀಲದಲ್ಲಿ ನಾಲ್ಕು ಸಾವಿರ ಫ್ರಾಂಕ್ ಹತ್ತಿರ ಚಿನ್ನದ ನಾಣ್ಯ ನೆಲದ ಮೇಲೆ ಹಾಗೇ ಬಿದ್ದಿತ್ತು."

"ಚಿನ್ನ ಕಣ್ಣೆದುರಿಗಿದ್ದೂ ಮುಟ್ಟಲಿಲ್ವಾ?"

"ಮುಟ್ಟಲಿಲ್ಲ." ನನ್ನ ದನಿಯಲ್ಲಿ ಆಗಲೇ ಗೆಲುವು ಇಣುಕುತ್ತಿತ್ತು.

"ಹಾಗಾದ್ರೆ ಮನುಷ್ಯ ಅಲ್ಲ ಬಿಡು," ಅಂದರು. ದಿಂಬಿನ ಚೀಲ ಮಡಚಿ ಪಕ್ಕಕ್ಕಿಟ್ಟು, ಇನ್ನೊಂದು ಎತ್ತಿಕೊಂಡರು. "ಯಾವುದೋ ಕೋತಿ ಇರಬೇಕು."

ಒರಾಂಗುಟಾನ್. ನಾವಿಕನೊಬ್ಬನ ಕೈತಪ್ಪಿಸಿಕೊಂಡ ಒರಾಂಗುಟಾನ್. ನಾನು ಎದ್ದು ಹೋಗಿ ಫ್ರಿಜ್ಜು ತೆಗೆದು ನೀರು ಕುಡಿದೆ. ಅದು ನಡುಗಿತು, ನಾನು ಹೆದರಲಿಲ್ಲ.

ಇವತ್ತು ಹೊಸ ಪುಸ್ತಕ ಹಿಡಿದಿದ್ದೇನೆ. ಶಪಥದ ಕೊನೆಯದು, ಮುರಿದ ಕಡ್ಡಿಯ ಕೊಡೆಯ ಸಾಕ್ಷಿಯಾಗಿ ಇದರ ಒಂದು ಅಕ್ಷರವನ್ನೂ ಯಾರಿಗೂ ಹೇಳುವುದಿಲ್ಲ ಅಂತ ನಿರ್ಧಾರ. ಸಂಜೆ ಅತ್ತೆ ಬಟ್ಟೆಯ ರಾಶಿಯೊಂದಿಗೆ ಬಂದು ಕೂತರು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ. ಎರಡು ಟವೆಲ್, ಒಂದು ಪಂಚೆ ಮಡಚುವವರೆಗೆ ಸುಮ್ಮನಿದ್ದರು.

"ಕಥೆ ಬೇಡ. ಮನೇಲಿ ಒಟ್ಟು ಎಷ್ಟು ಜನ ಇದಾರೆ, ಅಷ್ಟು ಹೇಳು."

ಅಷ್ಟರಲ್ಲೇನು ಹೋಗುತ್ತದೆ. "ಐದು ಜನ," ಅಂದೆ.

"ಅದರಲ್ಲಿ ಯಾರಾದ್ರೂ ಕೆಮ್ತಾರಾ?"

ಪುಟ ಹಿಂದಕ್ಕೆ ತಿರುವಿದೆ. 31ನೇ ಪುಟದಲ್ಲಿ, ಕಿಟಕಿಯ ಹತ್ತಿರ ನಿಂತು, ಒಬ್ಬರು ಕೆಮ್ಮಿದ್ದರು.