ಹ ಬರುವವರೆಗೂ

ಹೊಸ ಕಪಾಟು ಮಾಡಿಸೋಣ ಅಂತ ಬಡಗಿಯನ್ನು ಕರೆಸಿದ್ದೆ. ಆತ ಟೇಪು ಹಿಡಿದು ಗೋಡೆ ಅಳೆದ, ಮೂಲೆ ಅಳೆದ. ಆಮೇಲೆ ವಿಶ್ವಕೋಶದ ಒಂದು ಸಂಪುಟ ಎತ್ತಿ ಅಂಗೈಯಲ್ಲೇ ತೂಗಿ ನೋಡಿ, "ಈ ಭಾರಕ್ಕೆ ಪ್ಲೈವುಡ್ ಬಾಗುತ್ತೆ ಸಾರ್. ನಡುವೆ ಸಪೋರ್ಟ್ ಕೊಡಬೇಕು, ಖರ್ಚು ಜಾಸ್ತಿ ಆಗುತ್ತೆ" ಅಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಇದೆಲ್ಲಾ ಫೋನಲ್ಲೇ ಬರುತ್ತಲ್ವಾ ಸಾರ್?" ಅಂತ ಸೇರಿಸಿದ. "ನಾನು ಹೇಳಿದ್ರೆ ಕೇಳಲ್ಲ, ನೀವಾದ್ರೂ ಹೇಳಿ" ಅಂತ ಅಡುಗೆಮನೆಯಿಂದ ದನಿ ಬಂತು.

ನಾನು ಸುಮ್ಮನಾದೆ. ಹಾಸನದಲ್ಲಿ ಹೇಳಿದ ದಿನಕ್ಕೆ ಬರುವ ಬಡಗಿ ಸಿಗುವುದೇ ಅಪರೂಪ, ಅವನ ಹತ್ತಿರ ಜಗಳ ಆಡುವ ಹಾಗಿಲ್ಲ. ಆದರೆ ಈ ಭಾರದ ವಿಷಯ ಮಾತಾಡಲೇಬೇಕು.

ಇಂಗ್ಲಿಷಿನ ಹೆಸರಾಂತ ವಿಶ್ವಕೋಶ ಬ್ರಿಟಾನಿಕಾದ ಕೊನೆಯ ಮುದ್ರಣ 2010ರದು. 32 ಸಂಪುಟ, 129 ಪೌಂಡ್. ಅಂದರೆ 58 ಕೆಜಿಗೂ ಮೇಲೆ. ಒಂದು ಮೂಟೆ ಕಾಫಿ ಚೆರಿ ತೂಗುವುದೇ 50 ಕೆಜಿ. ಆ ಬಡಗಿ ಅದನ್ನು ನೋಡಿದ್ದರೆ ಕಪಾಟು ಬೇಡ, ಕಾಂಕ್ರೀಟ್ ಹಾಕಿಸಿ ಅನ್ನುತ್ತಿದ್ದ. ಶುರುವಿನಲ್ಲಿ ಇಷ್ಟು ದಪ್ಪ ಇರಲಿಲ್ಲ. 1768ರಲ್ಲಿ ಎಡಿನ್‌ಬರೋದಲ್ಲಿ ಒಬ್ಬ ಮುದ್ರಕ, ಒಬ್ಬ ಚಿತ್ರ ಕೆತ್ತುವವನು ಸೇರಿ ಶುರು ಮಾಡಿದ್ದು. ಸಂಪಾದಕನಾಗಿ ಸಿಕ್ಕವನು ವಿಲಿಯಂ ಸ್ಮೆಲ್ಲಿ, ಇನ್ನೂ ಇಪ್ಪತ್ತೆಂಟರ ಹುಡುಗ. ವಾರವಾರ ತೆಳ್ಳಗಿನ ಕಂತುಗಳಲ್ಲಿ ಬಿಟ್ಟರು. 1771ರ ಹೊತ್ತಿಗೆ ಒಟ್ಟು ಸೇರಿ ಮೂರು ಸಂಪುಟ ಆಯಿತು.

ಆ ಮೂರು ಸಂಪುಟದ ಹಂಚಿಕೆ ನೋಡಬೇಕು. ಎ ಮತ್ತು ಬಿ ಎರಡೇ ಅಕ್ಷರಕ್ಕೆ ಒಂದಿಡೀ ಸಂಪುಟ. ಸಿಯಿಂದ ಎಲ್‌ವರೆಗೆ ಇನ್ನೊಂದು. ಉಳಿದದ್ದಷ್ಟೂ ಮೂರನೆಯದರಲ್ಲಿ. ಮೊದಲ ಪಂಕ್ತಿಯವರಿಗೆ ಹೋಳಿಗೆಗೆ ತುಪ್ಪ, ಕೊನೆಯ ಪಂಕ್ತಿಯವರಿಗೆ ನೀರು ಸಾರು. ಹೆಂಗಸು ಅನ್ನುವುದು ಇಂಗ್ಲಿಷಿನಲ್ಲಿ ಡಬ್ಲ್ಯೂ ಅಕ್ಷರಕ್ಕೆ ಬರುತ್ತದೆ, ಪಾಪ. ಅಲ್ಲಿ ಇರುವುದು ಇಷ್ಟೇ: ಗಂಡಸಿನ ಹೆಣ್ಣು, ಹೋಮೋ (ಮನುಷ್ಯ) ನೋಡಿ. ಇದನ್ನು ಮನೆಯಲ್ಲಿ ಓದಿ ಹೇಳಿದೆ. "ಅದನ್ನ ಬರೆದವನಿಗೆ ಬೇಯಿಸಿ ಹಾಕಿದ್ದು ಯಾರಂತೆ? ಅದಕ್ಕೂ ಎಲ್ಲಾದ್ರೂ ನೋಡಿ ಅಂತ ಇದ್ಯಾ?" ಅಂತ ಕೇಳಿದಳು.

ಅಕ್ಷರದ ಸರದಿ ಅನ್ನುವುದು ಸಣ್ಣ ವಿಷಯ ಅಲ್ಲ. ನಮ್ಮ ಕುಟುಂಬದಲ್ಲಿ ಅದು ವರ್ಷಗಟ್ಟಲೆ ನಡೆದ ವ್ಯಾಜ್ಯ.

ನನ್ನ ಮಾವನವರು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವನ್ನು ಒಂದೊಂದೇ ಸಂಪುಟ ಬಂದ ಹಾಗೆ ತರಿಸುತ್ತಿದ್ದರು. ಮೊದಲನೆಯದು ಬಂದದ್ದು 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ. ಆಗ ನಮ್ಮದಿನ್ನೂ ಮೈಸೂರು ರಾಜ್ಯ. ಹದಿನಾಲ್ಕನೆಯದು, ಅಂದರೆ ಕೊನೆಯದು, ಬಂದದ್ದು 2004ರಲ್ಲಿ. ತಡ ಅಂತ ದೂರುವಂತಿಲ್ಲ. ಊರೂರಿನ ವಿದ್ವಾಂಸರಿಗೆ ಕಾಗದ ಬರೆದು, ಲೇಖನ ತರಿಸಿ, ತಿದ್ದಿ, ಅಚ್ಚಿನ ಮೊಳೆ ಜೋಡಿಸಿ ಶುರು ಮಾಡಿದ ಕೆಲಸ ಅದು. ಈಗಿನ ಹಾಗೆ ಅಲ್ಲಿಂದ ಎತ್ತಿ ಇಲ್ಲಿ ಅಂಟಿಸುವ ಸೌಕರ್ಯ ಇರಲಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕ ಉಳಿಸಿಕೊಳ್ಳುವುದು ಒಂದು ಬೇಸಾಯ. ಆಗಸ್ಟ್ ಹೊತ್ತಿಗೆ ರಟ್ಟಿನ ಮೇಲೆ ಬೂಷ್ಟು ಹಿಡಿದು ಬೂದಿ ಬಣ್ಣ ಬಂದಿರುತ್ತಿತ್ತು. ಆಯುಧಪೂಜೆ ಕಳೆದು ಬಿಸಿಲು ಬಂದ ಮೇಲೆ, ಕಾಫಿ ಕೊಯ್ಲಿಗೆ ಮುಂಚೆ, ಕಣ ಗುಡಿಸಿ ಚಾಪೆ ಹಾಸಿ ಅಷ್ಟೂ ಸಂಪುಟಗಳನ್ನು ಬಿಸಿಲಿಗೆ ಹಾಕುವುದು ಮಾವನವರ ಪದ್ಧತಿ. ಒಣಬಟ್ಟೆಯಲ್ಲಿ ಒರೆಸಬೇಕು. ಹಳೆಯ ಲಕ್ಕಿ ಸೊಪ್ಪು ಉದುರಿಸಿ ಹೊಸದು ಇಡಬೇಕು. ನುಣುಪು ಕಾಗದದ ಚಿತ್ರಪುಟಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಅವನ್ನು ಹಳೇ ಬ್ಲೇಡಿನಿಂದ ಉಸಿರು ಬಿಗಿಹಿಡಿದು ಬಿಡಿಸಬೇಕು. ಬ್ಲೇಡಿನ ಕೆಲಸ ಅಳಿಯನದು. ಒಮ್ಮೆ ಒಂದು ಹಕ್ಕಿಯ ಕೊಕ್ಕು ಎದುರು ಪುಟದ ದೇವಸ್ಥಾನದ ಗೋಪುರಕ್ಕೆ ಹತ್ತಿಕೊಂಡು ಬಂತು. ಇವತ್ತಿಗೂ ಅಲ್ಲೇ ಇದೆ.

ಆ ದಿನ ಕೆಲಸ ಎಂದೂ ಹೊತ್ತಿಗೆ ಮುಗಿದದ್ದಿಲ್ಲ. ಒರೆಸಲು ಕೂತವರೆಲ್ಲ ಓದಲು ಶುರು ಮಾಡುತ್ತಿದ್ದರು. ತೋಟದ ಲೆಕ್ಕ ಬರೆಯುವ ರೈಟರು ಏಲಕ್ಕಿ ರೋಗದ ಬಗ್ಗೆ, ನಮ್ಮತ್ತೆ ಆಭರಣಗಳ ಚಿತ್ರ, ಮಕ್ಕಳು ಎಲುಬಿನ ಗೂಡು. ಊಟಕ್ಕೆ ಎದ್ದು ಬರುವ ಹೊತ್ತಿಗೆ ಅಕ್ಕಿರೊಟ್ಟಿ ಬಿರುಸಾಗಿರುತ್ತಿತ್ತು.

ಊಟ ಆದ ಮೇಲೆ ಮಾವನವರ ಕಾರ್ಯಕ್ರಮ. ಚ ಅಕ್ಷರದ ಸಂಪುಟ ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಚಿಕ್ಕಮಗಳೂರು ಜಿಲ್ಲೆಯ ಲೇಖನವನ್ನು ಗಟ್ಟಿಯಾಗಿ ಓದುತ್ತಿದ್ದರು. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ತುಂಗಾ, ಭದ್ರಾ, ಒಂದನ್ನೂ ಬಿಡದೆ. ಓದಿ ಮುಗಿಸಿ ನನ್ನ ಕಡೆ ತಿರುಗಿ, "ಅಳಿಯಂದಿರೇ, ನಿಮ್ಮ ಹಾಸನ ಎಲ್ಲಿ ಬಂದಿದೆ? ಸ್ವಲ್ಪ ಹುಡುಕಿ ಕೊಡ್ತೀರಾ?" ಅನ್ನುವುದು. ಹುಡುಕುವುದೇನು, ಹ ಇನ್ನೂ ಬಂದೇ ಇರಲಿಲ್ಲ. ಬೇಲೂರು ಬಂತಲ್ಲ ಅಂತ ನಾನು ಸಮಾಧಾನ ಹೇಳಿಕೊಂಡರೆ, "ಅದು ಹೊಯ್ಸಳರದು. ಹೊಯ್ಸಳರು ಮೂಲದಲ್ಲಿ ನಮ್ಮ ಅಂಗಡಿಯವರು" ಅನ್ನುತ್ತಿದ್ದರು. ಅಂಗಡಿ ಮೂಡಿಗೆರೆ ತಾಲ್ಲೂಕಿನ ಊರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. 1997ರಲ್ಲಿ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡಿದಾಗ ಫೋನೇ ಮಾಡಿದ್ದರು. "ಹ ಬರೋದ್ರೊಳಗೆ ನಿಮ್ಮ ಜಿಲ್ಲೆ ಹೀಗೇ ಇರುತ್ತೋ, ಹೋಳಾಗುತ್ತೋ, ಒಸಿ ವಿಚಾರಿಸಿಕೊಳ್ಳಿ."

ಕೊನೆಗೂ ಹ ಬಂತು. ನಾನೇ ಸಂಪುಟ ಹೊತ್ತು ಮೂಡಿಗೆರೆ ಬಸ್ಸು ಹತ್ತಿದೆ. ಮಾವನವರ ಮುಂದಿಟ್ಟೆ. ಅವರು ಹಾಸನದ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಮನಸ್ಸಿನಲ್ಲೇ. ಕನ್ನಡಕ ತೆಗೆದು ಒರೆಸಿ ಹೇಳಿದರು: "ಇದು ಅನ್ಯಾಯ. ನಿಮ್ಮದು ಹೊಸ ಲೆಕ್ಕ, ನಮ್ಮದು ಹಳೇ ಲೆಕ್ಕ. ಚಿಕ್ಕಮಗಳೂರನ್ನ ಇನ್ನೊಂದ್ಸಲ ಬರೀಬೇಕು." ಅಷ್ಟು ವರ್ಷ ಕಾದದ್ದಕ್ಕೆ ನನಗೆ ಸಿಕ್ಕಿದ ಗೌರವ ಅದು. ನಾನೇನೂ ಬಿಟ್ಟುಕೊಡಲಿಲ್ಲ. ಸರದಿಯಲ್ಲಿ ಹಿಂದೆ ನಿಂತವರಿಗೂ ಒಂದು ಕಾಲ ಬರುತ್ತೆ ಮಾವಾ ಅಂದೆ.

ಅದೇ ಮನೆಗೆ ನನ್ನ ಭಾವಮೈದ ಒಮ್ಮೆ ಬೆಂಗಳೂರಿನಿಂದ ಎನ್ಕಾರ್ಟಾ ಅನ್ನುವ ವಿಶ್ವಕೋಶದ ಸೀಡಿ ತಂದ. "ಇನ್ಮೇಲೆ ಕಣಕ್ಕೆ ಹಾಕೋ ಕೆಲಸ ಇಲ್ಲ ಅಪ್ಪಾಜಿ, ಇಡೀ ಕಪಾಟು ಇದರಲ್ಲೇ ಇದೆ" ಅಂದ. ಎನ್ಕಾರ್ಟಾದ ಕಥೆ ತಮಾಷೆಯದು. ಸೀಡಿಗೆ ನಿಮ್ಮ ಲೇಖನ ಕೊಡಿ ಅಂತ ಮೈಕ್ರೋಸಾಫ್ಟ್‌ನವರು ಮೊದಲು ಕೇಳಿದ್ದು ಬ್ರಿಟಾನಿಕಾದವರನ್ನೇ. ಅವರು ಒಲ್ಲೆ ಅಂದರು. ಯಾಕೆ ಒಪ್ಪುತ್ತಾರೆ? 1990ರಲ್ಲಿ ಅಮೆರಿಕದಲ್ಲೇ 1,20,000 ಸೆಟ್ ಮಾರಿದ ಕಂಪನಿ. ಮೈಕ್ರೋಸಾಫ್ಟ್ ಕೊನೆಗೆ ಹಿಡಿದದ್ದು ಫಂಕ್ ಅಂಡ್ ವ್ಯಾಗ್ನಲ್ಸ್ ಅನ್ನುವ ವಿಶ್ವಕೋಶವನ್ನು. ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ ದಿನಸಿಯ ಜೊತೆ ಮಾರುತ್ತಿದ್ದದ್ದು ಅದು. 1993ರಲ್ಲಿ ಎನ್ಕಾರ್ಟಾ ಬಂತು. 1996ರಲ್ಲಿ ಬ್ರಿಟಾನಿಕಾ ಮನೆಮನೆಗೆ ಹೋಗಿ ಮಾರುವುದನ್ನೇ ನಿಲ್ಲಿಸಿತು. 2009ರಲ್ಲಿ ಎನ್ಕಾರ್ಟಾ ತಾನೂ ಮುಚ್ಚಿತು. ಅಷ್ಟರಲ್ಲಿ ವಿಕಿಪೀಡಿಯ ಬಂದು ಎಂಟು ವರ್ಷ ಆಗಿತ್ತು. ನಮ್ಮ ಭಾವಮೈದನ ಸೀಡಿ ಸೀಬೆ ಮರದಲ್ಲಿ ತೂಗಾಡಿಕೊಂಡು ಗಿಳಿ ಓಡಿಸುವ ಕೆಲಸಕ್ಕೆ ಸೇರಿತು. ಗಿಳಿಗಳು ಬೇಗ ಕಲಿತುಬಿಟ್ಟವು.

2012ರ ಮಾರ್ಚಿನಲ್ಲಿ ಬ್ರಿಟಾನಿಕಾ ಇನ್ನು ಅಚ್ಚು ಹಾಕುವುದಿಲ್ಲ ಅಂತ ಹೇಳಿತು. ಆಗ ಗೋದಾಮಿನಲ್ಲಿ ಸುಮಾರು 4,000 ಸೆಟ್ ಕೊಳ್ಳುವವರಿಲ್ಲದೆ ಬಿದ್ದಿತ್ತು. ಸುದ್ದಿ ಬಂದದ್ದೇ ತಡ, ಜನ ನುಗ್ಗಿ ಕೊಂಡರು. ಇದ್ದಾಗ ಮುಟ್ಟಲಿಲ್ಲ, ಹೋಗುತ್ತೆ ಅಂದ ತಕ್ಷಣ ಕಣ್ಣೀರು. ನನಗೆ ಈ ಜಾತಿಯ ಪ್ರೀತಿ ಕಂಡರೆ ಆಗುವುದಿಲ್ಲ. ಮಾವನವರ ಪಕ್ಕದ ಎಸ್ಟೇಟಿನ ಬಂಗಲೆಯಲ್ಲೂ ಒಂದು ಬ್ರಿಟಾನಿಕಾ ಇತ್ತು. ಗಾಜಿನ ಬೀರುವಿನಲ್ಲಿ, ಚಿನ್ನದ ಅಕ್ಷರ ಹೊರಗೆ ಕಾಣುವ ಹಾಗೆ. ಬೀರುವಿಗೆ ಬೀಗ. ಒಂದು ಸಂಪುಟ ಕೊಡಿ ಅಂತ ಕೇಳಿದ್ದಕ್ಕೆ, ಬೀಗದ ಕೈ ಯಾರ ಹತ್ತಿರ ಇದೆಯೋ ಅಂದರು. ಈಗ ಅದೇ ಮನೆಯವರು ಸಿಕ್ಕಾಗಲೆಲ್ಲ ಪುಸ್ತಕ ಓದುವ ಸುಖವೇ ಬೇರೆ ಅಂತ ನನಗೆ ಹೇಳುತ್ತಾರೆ.

ಫೋನಿನ ಮೇಲೆ ನನಗೆ ದ್ವೇಷ ಇಲ್ಲ. ಕನ್ನಡ ವಿಶ್ವಕೋಶವೂ ವಿಕಿಸೋರ್ಸ್ ಅನ್ನುವ ಉಚಿತ ಜಾಲತಾಣಕ್ಕೆ ಏರಿದೆ. ಬೂಷ್ಟು ಹಿಡಿಯುವುದಿಲ್ಲ, ಬ್ಲೇಡು ಬೇಕಾಗಿಲ್ಲ. ಸಿಟ್ಟು ಬರುವುದು ನಮ್ಮವರ ಮೇಲೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಇಂಗ್ಲಿಷಿನಲ್ಲಿ ಲೇಖನಗಳು 60 ಲಕ್ಷ ದಾಟಿ ಹೋಗಿವೆ. ಕನ್ನಡದಲ್ಲಿ ಎಣಿಸುವುದು ಇನ್ನೂ ಸಾವಿರದ ಲೆಕ್ಕದಲ್ಲಿ. ಬೆಳಿಗ್ಗೆ ಎದ್ದು ಮೊಳಕೆ ಕಾಳಿನ ಮಹಿಮೆಯನ್ನು ಮಾರುದ್ದ ಟೈಪು ಮಾಡಿ ವಾಟ್ಸಾಪಿನಲ್ಲಿ ನೂರು ಜನಕ್ಕೆ ಕಳಿಸುವವರಿಗೆ, ತಮ್ಮ ಊರಿನ ಕೆರೆಯ ಬಗ್ಗೆ ನಾಲ್ಕು ಸಾಲು ಬರೆಯಲು ಪುರುಸೊತ್ತಿಲ್ಲ. ಬರೆದವನು ತಪ್ಪು ಬರೆದರೆ ಮಾತ್ರ ಬೈಯಲು ಎಲ್ಲರೂ ಬರುತ್ತಾರೆ.

ಇಲ್ಲಿ ಸರದಿಯ ತಕರಾರೂ ಇಲ್ಲ. ಚ ಮೊದಲಲ್ಲ, ಹ ಕೊನೆಯಲ್ಲ. ಹಾಸನ ಅಂತ ಒತ್ತಿದರೆ ಹಾಸನ, ಚಿಕ್ಕಮಗಳೂರು ಅಂತ ಒತ್ತಿದರೆ ಚಿಕ್ಕಮಗಳೂರು. ಯಾರದೂ ಹಳೇ ಲೆಕ್ಕ ಆಗಿ ಉಳಿಯಬೇಕಾಗಿಲ್ಲ, ಯಾರು ಬೇಕಾದರೂ ಯಾವಾಗ ಬೇಕಾದರೂ ತಿದ್ದಬಹುದು. ಮಾವನವರು ಈಗಿಲ್ಲ. ಭಾವಮೈದ ಅವರ ಬಾಯನ್ನೂ ಹಟವನ್ನೂ ಹಾಗೇ ಪಡೆದುಕೊಂಡು ಬಂದಿದ್ದಾನೆ. ಹೊಯ್ಸಳರು ನಮ್ಮವರು ಅನ್ನುವ ಮಾತು ಈಗ ಕುಟುಂಬದ ಗ್ರೂಪಿನಲ್ಲಿ ಪ್ರತಿ ರಾಜ್ಯೋತ್ಸವಕ್ಕೂ ಬರುತ್ತದೆ, ಬೇಲೂರಿನ ಫೋಟೋ ಸಮೇತ. ತಿದ್ದುವ ಗುಂಡಿ ಎಲ್ಲಿದೆ ಅಂತ ಅವನಿಗೆ ಇನ್ನೂ ಗೊತ್ತಾಗಿಲ್ಲ. ನಾನಂತೂ ತೋರಿಸುವುದಿಲ್ಲ.