ಅವರಿಗೆ ಮಿನಮಾಟ ಇದೆ, ನಮ್ಮ ಮಕ್ಕಳಿಗೆ ಕೊಕ್ಕಡ ಏಕಿಲ್ಲ?

ಜಪಾನಿನ ಕುಮಮೊಟೊ ಪ್ರಾಂತದಲ್ಲಿ ಸರ್ಕಾರಿ ಶಾಲೆಯ ಐದನೇ ತರಗತಿ ಮಕ್ಕಳನ್ನೆಲ್ಲ, ಕಾರ್ಖಾನೆಯ ಪಾದರಸದಿಂದ ಜನ ರೋಗಕ್ಕೆ ತುತ್ತಾದ ಮಿನಮಾಟ ಎಂಬ ಊರಿಗೆ ಕರೆದುಕೊಂಡು ಹೋಗುತ್ತಾರೆ. ನಾವು ನೆಲೆಸಿರುವುದು ಇದೇ ಪ್ರಾಂತದಲ್ಲಿ, ಹಾಗಾಗಿ ನನ್ನ ಮಗಳೂ ಹೋಗಿ ಬಂದಳು. ಅವಳು ಬರೆದುಕೊಂಡು ಬಂದದ್ದನ್ನು ಓದಿದ ಮೇಲೆ, ಪರಿಸರದ ಪಾಠ ನಮ್ಮಲ್ಲಿ ಮಕ್ಕಳ ಮನಸ್ಸಿಗೆ ಏಕೆ ನಾಟುವುದಿಲ್ಲ ಎನ್ನುವುದು ನನಗೆ ಸ್ಪಷ್ಟವಾಯಿತು. ಯಾರು ಮಾಡಿದರು, ಎಲ್ಲಿ ಮಾಡಿದರು, ಗೊತ್ತಾದ ಮೇಲೂ ಏಕೆ ನಿಲ್ಲಿಸಲಿಲ್ಲ ಎನ್ನುವುದನ್ನು ನಾವು ಹೇಳುವುದೇ ಇಲ್ಲ.

ಇಲ್ಲಿ ಹೇಳುತ್ತಾರೆ. ಚಿಸ್ಸೊ ಎಂಬ ಕಂಪನಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸಲು ಪಾದರಸ ಬಳಸುತ್ತಿತ್ತು. ಆ ಕ್ರಿಯೆಯಲ್ಲಿ ಹುಟ್ಟಿದ ಮೀಥೈಲ್ ಪಾದರಸ ಕೊಳಚೆ ನೀರಿನ ಜೊತೆ ಕೊಲ್ಲಿಗೆ ಹೋಗಿ ಮೀನಿನ ಮೈ ಸೇರಿತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು, ಆಮೇಲೆ ಮನುಷ್ಯರ ಕೈಕಾಲು ಸೆಟೆದುಕೊಂಡವು. ರೋಗ ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. 1958ರಲ್ಲಿ ಕಂಪನಿ ಕೊಳಚೆಯನ್ನು ಕೊಲ್ಲಿಗೆ ಬಿಡುವ ಬದಲು ಮಿನಮಾಟ ನದಿ ಸಮುದ್ರ ಸೇರುವಲ್ಲಿಗೆ ತಿರುಗಿಸಿತು. ರೋಗ ಉತ್ತರದ ಮೀನುಗಾರರ ಊರುಗಳಿಗೂ ಹಬ್ಬಿತು. 1959ರಲ್ಲಿ ಕಂಪನಿಯ ಆಸ್ಪತ್ರೆಯ ವೈದ್ಯ ಹೊಸೊಕಾವ ಅದೇ ಕೊಳಚೆಯನ್ನು ಆಹಾರದಲ್ಲಿ ಬೆರೆಸಿ ಒಂದು ಬೆಕ್ಕಿಗೆ ಕೊಟ್ಟು ನೋಡಿದರು. ಬೆಕ್ಕಿಗೆ ರೋಗ ಬಂತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಕಾರಣ ಇದೇ ಎಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ.

ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಇದೆಲ್ಲ ಅರ್ಥವಾಗುತ್ತದೆ, ಅದರಲ್ಲೂ ಕೊಳಚೆಯ ಬಾಯಿ ತಿರುಗಿಸಿದ ಸಂಗತಿ. ಮಗಳ ಟಿಪ್ಪಣಿಯಲ್ಲಿ ಅಲ್ಲಿಗೆ ಎರಡು ಗೆರೆ ಬಿದ್ದಿತ್ತು. ಇಲ್ಲಿ ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಪುಟ್ಟ ಮರದ ಡಬ್ಬಿಯಲ್ಲಿ ಕಾಪಾಡುವ ರೂಢಿಯಿದೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮಕ್ಕಳಿಗೆ ವಿಷ ತಗುಲಿತ್ತು ಎನ್ನುವುದಕ್ಕೆ ಮುಂದೆ ಆ ಬಳ್ಳಿಗಳಲ್ಲಿದ್ದ ಪಾದರಸವೇ ಸಾಕ್ಷಿಯಾಯಿತು. ಹೀಗೆ ಕಲಿತ ಮಗುವಿಗೆ ಮಾಲಿನ್ಯ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಐದು ಕಾರಣಗಳಾಗಿ ಉಳಿಯುವುದಿಲ್ಲ.

ನಮ್ಮಲ್ಲಿ ಪಾಠ ಇಲ್ಲವೆಂದಲ್ಲ. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಿ ಎಂದದ್ದು 1991ರಲ್ಲೇ. ಮರಗಿಡ, ಹಕ್ಕಿಗಳ ಪರಿಚಯದಲ್ಲಿ ನಮ್ಮ ಹಳ್ಳಿ ಶಾಲೆಗಳ ಮಕ್ಕಳು ಇಲ್ಲಿನವರಿಗಿಂತ ಎಷ್ಟೋ ಮುಂದೆ. ಆದರೆ ಹಾನಿಯ ವಿಷಯ ಬಂದಾಗ ‘ಮಾನವನ ಚಟುವಟಿಕೆಗಳಿಂದ’ ಎಂದು ಶುರು ಮಾಡಿ, ಜೂನ್ 5ಕ್ಕೆ ಡ್ರಾಯಿಂಗ್ ಶೀಟಿನ ಮೇಲೆ ಅಳುವ ಭೂಮಿಯ ಚಿತ್ರ ಬರೆಸಿ, ಒಂದು ಸಸಿ ನೆಡಿಸಿ ಮುಗಿಸುತ್ತೇವೆ. ಮಾನವ ಎಂದರೆ ಎಲ್ಲರೂ, ಎಲ್ಲರೂ ಎಂದರೆ ಯಾರೂ ಅಲ್ಲ. ಬಾವಿಯ ನೀರು ಹಾಳಾದವನನ್ನೂ ಹಾಳು ಮಾಡಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಮಗುವಿಗೆ ಸುಳ್ಳು ಕಲಿಸಿದಂತೆ ಎಂದೇ ನನ್ನ ಅಭಿಪ್ರಾಯ.

ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಸುತ್ತಮುತ್ತ ಸರ್ಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ತೋಟದ ಕೆಳಗೇ ಮನೆಗಳು, ತೆರೆದ ಬಾವಿಗಳು. ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸಿದ್ದು 2011ರಲ್ಲಿ. ಅದರಿಂದ ರೋಗ, ಅಂಗವೈಕಲ್ಯಕ್ಕೆ ತುತ್ತಾದ ಸಂತ್ರಸ್ತರೆಂದು ಗುರುತಿಸಿದವರಿಗೆ ಸರ್ಕಾರವೇ ಮಾಸಾಶನ ಕೊಡುತ್ತಿದೆ. ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ? ಬಳ್ಳಾರಿಯ ಮಕ್ಕಳಿಗೆ ಗಣಿಗಾರಿಕೆ ಮತ್ತು ಲೋಕಾಯುಕ್ತ ವರದಿ ಇದೆ, ಚಿಕ್ಕಮಗಳೂರಿನವರಿಗೆ ನ್ಯಾಯಾಲಯದ ಆದೇಶದಿಂದ 2005ರ ಕೊನೆಗೆ ಗಣಿ ನಿಂತ ಕುದುರೆಮುಖ ಇದೆ, ಬೆಂಗಳೂರಿನವರಿಗೆ ನೊರೆ ಕಾರಿ ಹೊತ್ತಿ ಉರಿದ ಬೆಳ್ಳಂದೂರು ಕೆರೆ ಇದೆ.

ಊರಿನ ಮೇಷ್ಟರೊಬ್ಬರ ಹತ್ತಿರ ಈ ಮಾತು ಎತ್ತಿದೆ. ‘ಹೇಳೋದು ಸುಲಭ ಸ್ವಾಮಿ, ಕಂಪನಿ ಹೆಸರು ಎತ್ತಿದ್ರೆ ನಾಳೆ ನಾನೇ ಉತ್ತರ ಕೊಡಬೇಕಾಗುತ್ತೆ’ ಅಂದರು. ಅವರ ಭಯ ನಿಜ. ಅದಕ್ಕೇ ಈ ಭಾರವನ್ನು ಒಬ್ಬೊಬ್ಬ ಮೇಷ್ಟರ ಧೈರ್ಯಕ್ಕೆ ಬಿಡಬಾರದು. ಪ್ರತಿ ಜಿಲ್ಲೆಯ ಒಂದು ಪ್ರಕರಣ, ಕೋರ್ಟಿನ ಆದೇಶ ಮತ್ತು ಸರ್ಕಾರಿ ದಾಖಲೆಯಲ್ಲಿ ಇರುವಷ್ಟೇ, ಪಠ್ಯದಲ್ಲಿ ಅಚ್ಚಾಗಬೇಕು. ಮಿನಮಾಟದಲ್ಲಿ ಚಿಸ್ಸೊ ಕಂಪನಿಯ ಉತ್ತರಾಧಿಕಾರಿ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಆದರೂ ಪಾಠದಲ್ಲಿ ಹೆಸರು ಅಳಿಸಿಲ್ಲ.

ಜಪಾನ್ ಎಲ್ಲವನ್ನೂ ಸರಿಮಾಡಿಕೊಂಡಿದೆ ಎಂದು ಯಾರೂ ತಿಳಿಯಬೇಕಿಲ್ಲ. ಮಿನಮಾಟದವರು ಎಂದು ಗೊತ್ತಾದರೆ ಮದುವೆ, ಕೆಲಸ ತಪ್ಪುತ್ತಿದ್ದ ಕಾಲವಿತ್ತು. 2024ರ ಮೇ ತಿಂಗಳಲ್ಲಿ ಪರಿಸರ ಸಚಿವರ ಎದುರಿಗೇ ಸಂತ್ರಸ್ತರು ಮಾತಾಡುತ್ತಿದ್ದಾಗ ಅಧಿಕಾರಿಗಳು ಮೈಕ್ ಆಫ್ ಮಾಡಿದರು, ಆಮೇಲೆ ಸಚಿವರು ಕ್ಷಮೆ ಕೇಳಬೇಕಾಯಿತು. ಸರ್ಕಾರಕ್ಕಿಂತ ಶಾಲೆಗಳೇ ಈ ವಿಷಯದಲ್ಲಿ ಪ್ರಾಮಾಣಿಕವಾಗಿವೆ.

ಒಂದು ಎಚ್ಚರ ಮಾತ್ರ ಬೇಕೇ ಬೇಕು. ಹಾಸಿಗೆ ಹಿಡಿದ ಮಗುವಿನ ಮುಂದೆ ಶಾಲಾ ಬಸ್ಸು ನಿಲ್ಲಿಸಿ ನೋಡಿ ಬರುವುದು ಪಾಠವಲ್ಲ, ಅನ್ಯಾಯ. ಮಿನಮಾಟದ ವಸ್ತುಸಂಗ್ರಹಾಲಯದಲ್ಲಿ ಕಥೆ ಹೇಳುವವರು ತಾವಾಗಿ ಮುಂದೆ ಬಂದ ಸಂತ್ರಸ್ತರು ಮತ್ತು ಅವರ ಮನೆಯವರು. ಅವರಲ್ಲಿ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಕೊಕ್ಕಡದ ತಾಯಂದಿರಿಗೂ ವಯಸ್ಸಾಗುತ್ತಿದೆ. ಮಾತಾಡಲು ಒಪ್ಪುವವರ ಮಾತನ್ನು ಶಿಕ್ಷಣ ಇಲಾಖೆ ಈಗಲೇ, ಅವರ ಕನ್ನಡದಲ್ಲಿ, ಅವರ ತುಳುವಿನಲ್ಲಿ ದಾಖಲಿಸಿಕೊಳ್ಳಬೇಕು.