ಗ್ರೂಪ್ ಡಿಲೀಟ್ ಮಾಡಿಸ್ಬೇಕಂತೆ!

ಇವತ್ತು ನಮ್ಮ ಇಂಜಿನಿಯರಿಂಗ್ ಕಾಲೇಜಿನ ಸ್ಟಾಫ್ ರೂಮಲ್ಲಿ ಮತ್ತದೇ ಪುರಾಣ. ಫಸ್ಟ್ ಇಯರ್ ಹುಡುಗ್ರು ತಾವೇ ಮಾಡ್ಕೊಂಡಿರೋ ವಾಟ್ಸಾಪ್ ಗ್ರೂಪಿಂದ ಹಾಳಾಗ್ತಿದಾರಂತೆ, ಅದನ್ನ ಮುಚ್ಚಿಸ್ಬೇಕಂತೆ, ಡೌಟ್ ಏನಿದ್ರೂ ಡಿಪಾರ್ಟ್‌ಮೆಂಟ್ ಗ್ರೂಪಲ್ಲೇ ಕೇಳ್ಬೇಕಂತೆ. ಸ್ವಾಮೀ, ಆ ಗ್ರೂಪಲ್ಲಿ ಅಡ್ಮಿನ್ ಬಿಟ್ರೆ ಯಾರಿಗೂ ಮೆಸೇಜ್ ಹಾಕೋಕೇ ಬರಲ್ಲ! ಅಲ್ಲಿ ಬರೋದು ಫೀಸ್ ಲಾಸ್ಟ್ ಡೇಟು, ಅಟೆಂಡೆನ್ಸ್ ಶಾರ್ಟೇಜು, ಹಬ್ಬಕ್ಕೊಂದು ಶುಭಾಶಯ.

ಮೊನ್ನೆ ಲ್ಯಾಬಲ್ಲಿ ಒಬ್ಬ ಆ 'ಹಾಳು' ಗ್ರೂಪಿನ ವಾಯ್ಸ್ ನೋಟ್ ಕೇಳಿಸ್ದ. ಥೆವೆನಿನ್ ಥಿಯರಮ್ಮು, ಅಂದ್ರೆ ದೊಡ್ಡ ಸರ್ಕ್ಯೂಟನ್ನ ಒಂದು ವೋಲ್ಟೇಜ್ ಸೋರ್ಸು, ಒಂದು ರೆಸಿಸ್ಟೆನ್ಸಿಗೆ ಇಳಿಸೋ ರೂಲು. "ಲೋಡ್ ತೆಗ್ದು ಪಕ್ಕಕ್ಕಿಡು ಮಗಾ, ವೋಲ್ಟೇಜ್ ಸೋರ್ಸ್ ಶಾರ್ಟ್ ಮಾಡು, ಕರೆಂಟ್ ಸೋರ್ಸ್ ಓಪನ್ ಮಾಡು, ಈಗ ಆ ಎರಡು ತುದಿಯಿಂದ ಒಳಗಡೆ ರೆಸಿಸ್ಟೆನ್ಸ್ ಎಷ್ಟು ನೋಡು." ಇನ್ನೊಬ್ಳು, ಡಿಪೆಂಡೆಂಟ್ ಸೋರ್ಸ್ (ಸರ್ಕ್ಯೂಟಲ್ಲಿ ಬೇರೆ ಕಡೆಯ ವೋಲ್ಟೇಜೋ ಕರೆಂಟೋ ನೋಡ್ಕೊಂಡು ಬದಲಾಗೋ ಸೋರ್ಸು) ಇದ್ರೆ ಏನೋ ಮಾಡೋದು ಅಂದಿದಾಳೆ, "ಅದನ್ನ ಮುಟ್ಬೇಡ್ವೇ" ಅಂತ ಉತ್ರ. ಕರೆಕ್ಟಾಗಿದೆ! ನಾನು ಮುಕ್ಕಾಲು ಗಂಟೆ ಇಂಗ್ಲಿಷಲ್ಲಿ ಹೇಳಿದ್ದನ್ನ ಅವ್ನು ಒಂದೇ ನಿಮಿಷದಲ್ಲಿ ಮುಗಿಸಿದಾನೆ.

ನಮ್ಮ ಯೂನಿವರ್ಸಿಟಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪೇಪರ್ ಗೊತ್ತಲ್ಲ, ಐದು ಮಾಡ್ಯೂಲು, ಒಂದೊಂದಕ್ಕೆ 20 ಮಾರ್ಕ್ಸು, ಎರಡು ಪ್ರಶ್ನೇಲಿ ಒಂದು ಬರೀಬೇಕು. ಹುಡುಗ್ರು ಮಾಡ್ಯೂಲ್ ಹಂಚ್ಕೊಂಡು, ಹಳೇ ಪೇಪರ್ ಬಿಡಿಸಿ, ಪೇಜ್ ಫೋಟೋ ಹೊಡ್ದು ಹಾಕ್ತಾರೆ. ಇದನ್ನ ಹಾಳಾಗೋದು ಅಂತೀವಿ ನಾವು.

ಕಾಪಿ ಹೊಡೀತಾರೆ ಸಾರ್ ಅಂತಾರೆ ಕಲೀಗ್ಸು. ಹೊಡೀತಾರಪ್ಪ. ನಾವು ವರ್ಷಾವರ್ಷ ಅದೇ ಅಸೈನ್‌ಮೆಂಟ್ ಕೊಟ್ರೆ ಇನ್ನೇನ್ ಮಾಡ್ತಾರೆ? ಆಮೇಲೆ ಟೆಲಿಗ್ರಾಮಲ್ಲಿ ಪೇಪರ್ ಲೀಕ್ ಆಗೋ ಮಾತು ಬರುತ್ತೆ. 2024ರ ಜೂನ್ 18ಕ್ಕೆ ನಡೆದ ಯುಜಿಸಿ ನೆಟ್ (ಲೆಕ್ಚರರ್ ಆಗೋಕೆ ಬರೆಯೋ ಅರ್ಹತಾ ಪರೀಕ್ಷೆ) ಮಾರನೇ ದಿನವೇ ಕ್ಯಾನ್ಸಲ್ ಆಯ್ತು, ಆಗ್ಲೂ ಟೆಲಿಗ್ರಾಮ್ ಹೆಸ್ರೇ ಬಂತು, ನಿಜ. ಆದ್ರೆ ಪೇಪರ್ ಕೊಡ್ತೀನಿ ದುಡ್ಡು ಹಾಕು ಅನ್ನೋ ಮುಖ ನೋಡಿಲ್ದಿರೋ ಚಾನೆಲ್ಲಿಗೂ, ಒಂದೇ ಬೆಂಚಲ್ಲಿ ಕೂತ್ಕೊಳ್ಳೋ ಮಕ್ಳ ಗ್ರೂಪಿಗೂ ಏನ್ರೀ ಸಂಬಂಧ?

ನಾನೂ ಕನ್ನಡ ಮೀಡಿಯಂ ಗಿರಾಕಿನೇ, ನಿಮಗೆಲ್ಲ ಗೊತ್ತು. ಇಡೀ ಫಸ್ಟ್ ಸೆಮ್ ಕ್ಲಾಸಲ್ಲಿ ಬಾಯೇ ಬಿಟ್ಟಿಲ್ಲ, ಇಂಗ್ಲಿಷ್ ತಪ್ಪಾದ್ರೆ ನಗ್ತಾರಲ್ಲ ಅಂತ. ಹಾಸ್ಟೆಲ್ ರೂಮ್‌ಮೇಟ್ ರಾತ್ರಿ ಕೂತು ಕನ್ನಡದಲ್ಲಿ ಹೇಳ್ಕೊಟ್ಟಿದ್ದಕ್ಕೆ ಎಂ-1 (ಫಸ್ಟ್ ಸೆಮ್ ಮ್ಯಾಥ್ಸ್) ಪಾಸಾಗಿದ್ದು, ಇಲ್ದಿದ್ರೆ ಬ್ಯಾಕ್ ಗ್ಯಾರಂಟಿ. ದಿನಾ ಹಳ್ಳಿಯಿಂದ ಬಸ್ಸಲ್ಲಿ ಬಂದ್ ಹೋಗೋ ಮಕ್ಳಿಗೆ ಆ ರೂಮ್‌ಮೇಟ್ ಎಲ್ಲಿಂದ ತರೋದು? ಅವ್ರಿಗೆ ಈ ಗ್ರೂಪೂ ಬೇಡ ಅಂದ್ರೆ ಹೇಗೆ?

ಸಿಆರ್ (ಕ್ಲಾಸ್ ರೆಪ್ರೆಸೆಂಟೇಟಿವ್) ಹುಡುಗಿ ಬಂದು "ಸಾರ್, ನಿಮ್ಮನ್ನೂ ಆಡ್ ಮಾಡ್ಲಾ" ಅಂದ್ಳು. ಬೇಡಮ್ಮ ತಾಯಿ ಅಂದೆ. ನಾನು ಒಳಗೆ ಹೋದ್ರೆ ಗುಡ್ ಮಾರ್ನಿಂಗ್ ಸಾರ್ ಶುರುವಾಗಿ ಡೌಟ್ ಕೇಳೋದು ನಿಂತ್ಹೋಗುತ್ತೆ, ಆಮೇಲೆ ನನ್ನೊಬ್ಬನ್ನ ಬಿಟ್ಟು ಇನ್ನೊಂದು ಗ್ರೂಪ್ ಮಾಡ್ಕೋತಾರೆ, ಅಷ್ಟೇ.